ಸಾಯದೆಯೇ ಅಳಿಯುತ್ತಿದ್ದ ಬೆಕ್ಕು

ಕೆಲಸದ ನಿಮಿತ್ತ ನಾರ್ವೆಯಲ್ಲಿ ಎರಡು ಚಳಿಗಾಲಗಳನ್ನು ಕಳೆಯಬೇಕಾಗಿ ಬಂದಾಗ ನಾನು ಬಾಡಿಗೆಗೆ ಹಿಡಿದಿದ್ದ ಮನೆಯ ಹಿಂಬದಿಯಲ್ಲಿ ಸೌದೆಯ ದೊಡ್ಡ ಒಟ್ಟಿಲೊಂದಿತ್ತು. ಮೊದಲ ವಾರವೇ, ಹಿಮ ಎಡೆಬಿಡದೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಆ ಒಟ್ಟಿಲಿನ ಮೇಲೆ ಒಂದು ಬೆಕ್ಕು ಮುಂಗಾಲುಗಳನ್ನು ಎದೆಯ ಕೆಳಗೆ ಮಡಿಸಿಕೊಂಡು ನಿಶ್ಚಿಂತೆಯಿಂದ ಕುಳಿತಿರುವುದನ್ನು ಕಿಟಕಿಯಿಂದ ನೋಡಿದೆ. ಅದರ ಗಾತ್ರಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ: ಅದರ ಬೆನ್ನಿನ ಮೇಲೆ ಬೆರಳುದ್ದ ಹಿಮ ಕೂತಿತ್ತು, ಮತ್ತು ಅದು ಕರಗುತ್ತಿರಲಿಲ್ಲ. ಜೀವಂತ ಪ್ರಾಣಿಯೊಂದರ ಮೈಶಾಖ ಅರ್ಧ ಗಂಟೆಯಾದರೂ ಹೊರಗಿನ ಹಿಮಕ್ಕೆ ತಲುಪದಷ್ಟು ದಟ್ಟವಾದ ತುಪ್ಪಳವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮನೆಯೊಡತಿಯನ್ನು ಕೇಳಿದಾಗ ಆಕೆ ಅದನ್ನು ‘ಸ್ಕೂಗ್‌ಕಾಟ್’ ಎಂದು ಕರೆದರು. ‘ಸ್ಕೂಗ್’ ಎಂದರೆ ಕಾಡು, ‘ಕಾಟ್’ ಎಂದರೆ ಬೆಕ್ಕು. ಹೊರಗಿನ ಜಗತ್ತು ‘ನಾರ್ವೇಜಿಯನ್ ಫಾರೆಸ್ಟ್ ಕ್ಯಾಟ್’ ಎಂದು ಗುರುತಿಸುವ ತಳಿ ಇದೇ. ಆದರೆ ಆಕೆ ಹಾಗೆ ಕರೆದ ಕೂಡಲೇ ಒಂದು ತಿದ್ದುಪಡಿಯನ್ನೂ ಸೇರಿಸಿದರು: ಇದಕ್ಕೆ ವಂಶಾವಳಿಯ ಕಾಗದವಿಲ್ಲ, ಇದು ತನ್ನ ಅಜ್ಜಿಯ ಜಮೀನಿನ ಕೊಟ್ಟಿಗೆಯಲ್ಲಿ ತಲೆಮಾರುಗಳಿಂದ ಇದ್ದ ಬೆಕ್ಕುಗಳ ಪೈಕಿಯದು, ಆದ್ದರಿಂದ ತಿಳಿದವರು ಇದನ್ನು ಸ್ಕೂಗ್‌ಕಾಟ್ ಎಂದು ಒಪ್ಪಲಿಕ್ಕಿಲ್ಲ ಎಂದರು. ಕಣ್ಣೆದುರು ಕುಳಿತಿರುವ ಪ್ರಾಣಿಯೊಂದು ಅದೇ ಆಗಿದ್ದೂ ಅದಲ್ಲದಿರುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಆ ಎರಡು ಚಳಿಗಾಲಗಳ ಉದ್ದಕ್ಕೂ ಓದಿಗೆ ಹಚ್ಚಿತು. ಈ ಬರಹ ಆ ಓದಿನ ಫಲ.

ಮೊದಲು ಹೆಸರಿನಿಂದಲೇ ಹುಟ್ಟುವ ತಪ್ಪು ತಿಳಿವಳಿಕೆಯನ್ನು ಬದಿಗೆ ಸರಿಸಬೇಕು. ಕಾಡಿನ ಬೆಕ್ಕು ಎಂದು ಕರೆದರೂ ಇದು ಕಾಡುಪ್ರಾಣಿಯಲ್ಲ, ಕಾಡುಪ್ರಾಣಿಯೊಂದರ ಮಿಶ್ರತಳಿಯೂ ಅಲ್ಲ. ನಾರ್ವೆಯ ಕಾಡುಗಳಲ್ಲಿ ಇಂದು ಸ್ವತಂತ್ರವಾಗಿ ಬದುಕುವ ಬೆಕ್ಕಿನ ಕುಟುಂಬದ ಪ್ರಾಣಿ ಒಂದೇ ಒಂದು, ಅದು ಲಿಂಕ್ಸ್. ಕಿವಿಯ ತುದಿಯಲ್ಲಿ ಕುಚ್ಚು, ಕೆನ್ನೆಯ ಬದಿಯಲ್ಲಿ ಜೋತ ಕೂದಲು, ಹಿಮದ ಮೇಲೆ ಹೂತುಹೋಗದಂತೆ ನಡೆಯುವ ರೋಮಭರಿತ ಪಾದ ಇವುಗಳನ್ನು ಕಂಡು ಸ್ಕೂಗ್‌ಕಾಟ್ ಲಿಂಕ್ಸ್‌ನ ಸಂಬಂಧಿ ಎಂದು ಹೇಳುವವರು ಇದ್ದಾರೆ. ಅದಕ್ಕೆ ಜೀವವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಜಗತ್ತಿನ ಎಲ್ಲ ಸಾಕುಬೆಕ್ಕುಗಳಂತೆ ಇದರ ಪೂರ್ವಜರೂ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನೆಲಗಳಲ್ಲಿ ಬೇಟೆಯಾಡುತ್ತಿದ್ದ ಸಣ್ಣ ಕಾಡುಬೆಕ್ಕುಗಳೇ. ಮರಳುನಾಡಿನ ಆ ತೆಳುಗೂದಲಿನ ಪ್ರಾಣಿಯ ಸಂತತಿ ಹಿಮದ ನಾಡಿನಲ್ಲಿ ಸೌದೆಯ ಒಟ್ಟಿಲಿನ ಮೇಲೆ ನಿಶ್ಚಿಂತೆಯಿಂದ ಕೂರುವಂತಾದದ್ದು ಹೇಗೆ ಎಂಬುದೇ ಈ ತಳಿಯ ನಿಜವಾದ ಕಥೆ.

ಬೆಕ್ಕುಗಳು ಉತ್ತರಕ್ಕೆ ಬಂದದ್ದು ಮನುಷ್ಯನ ಜೊತೆಗೆ, ಮುಖ್ಯವಾಗಿ ಹಡಗುಗಳಲ್ಲಿ. ಧಾನ್ಯ, ಹಗ್ಗ, ಚರ್ಮ ಇವುಗಳನ್ನು ಸಾಗಿಸುವ ಹಡಗಿಗೆ ಇಲಿಯೇ ದೊಡ್ಡ ಶತ್ರುವಾಗಿದ್ದುದರಿಂದ ಬೆಕ್ಕು ಅಲ್ಲಿ ಕೆಲಸದ ಪ್ರಾಣಿಯಾಗಿತ್ತು. ಬಾಲ್ಟಿಕ್ ಕಡಲತೀರದ ರಾಲ್ಸ್‌ವೀಕ್ ಎಂಬಲ್ಲಿ, ಈಗಿನ ಜರ್ಮನಿಗೆ ಸೇರಿದ, ವೈಕಿಂಗರೆಂಬ ಉತ್ತರದ ಕಡಲಯಾನಿಗಳ ಕಾಲದ ಬಂದರಿನಲ್ಲಿ, ದೊರೆತ ಬೆಕ್ಕಿನ ಅವಶೇಷದಲ್ಲಿ ಈಜಿಪ್ಟಿನ ಬೆಕ್ಕುಗಳ ತಾಯಿವಂಶದ ಗುರುತು ಇರುವುದನ್ನು 2017ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್ಎ ಅಧ್ಯಯನವೊಂದು ತೋರಿಸಿತು. ಅಂದರೆ ನೈಲ್ ನದಿಯ ಬದಿಯ ವಂಶವೊಂದು ಕೈಯಿಂದ ಕೈಗೆ, ಬಂದರಿನಿಂದ ಬಂದರಿಗೆ ದಾಟುತ್ತ, ಸಾವಿರ ವರ್ಷಗಳ ಹಿಂದೆಯೇ ಬಾಲ್ಟಿಕ್ ತೀರವನ್ನು ಮುಟ್ಟಿತ್ತು.

ಸ್ಕೂಗ್‌ಕಾಟ್ ಬಗ್ಗೆ ಬರೆಯುವವರೆಲ್ಲ ಉತ್ತರ ಯುರೋಪಿನ ನಾರ್ಸ್ ಪುರಾಣದ ಫ್ರೇಯಾ ದೇವಿಯ ರಥವನ್ನು ಉಲ್ಲೇಖಿಸುತ್ತಾರೆ. ಪ್ರೀತಿ ಮತ್ತು ಫಲವಂತಿಕೆಯ ದೇವತೆಯಾದ ಫ್ರೇಯಾಳ ರಥವನ್ನು ಎರಡು ಬೆಕ್ಕುಗಳು ಎಳೆಯುತ್ತಿದ್ದವು ಎಂಬ ಮಾತು 13ನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟ ಪುರಾಣಸಂಗ್ರಹದಲ್ಲಿದೆ. ಆದರೆ ಆ ಬೆಕ್ಕುಗಳ ಕೂದಲು ಉದ್ದವಾಗಿತ್ತೇ, ಅವು ದೊಡ್ಡವಾಗಿದ್ದವೇ ಎಂಬ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇಲ್ಲ. ದೇವಿಯ ರಥ ಎಳೆಯಬೇಕಾದರೆ ಬೆಕ್ಕು ದೊಡ್ಡದಿರಲೇಬೇಕು ಎಂದು ನಂತರದವರು ಊಹಿಸಿಕೊಂಡು, ಆ ಊಹೆಯ ನೊಗವನ್ನು ಇಂದಿನ ತಳಿಯ ಕುತ್ತಿಗೆಗೆ ಕಟ್ಟಿದ್ದಾರೆ. ಥಾರ್ ದೇವನು ಎತ್ತಲಾಗದೆ ಸೋತ ಬೂದು ಬೆಕ್ಕಿನ ಕಥೆಯನ್ನೂ ಹೀಗೆಯೇ ಬಳಸಲಾಗುತ್ತದೆ. ಆದರೆ ಆ ಕಥೆಯಲ್ಲೇ ಅದು ಬೆಕ್ಕಲ್ಲ, ಭೂಮಿಯನ್ನು ಸುತ್ತಿಕೊಂಡ ಮಹಾಸರ್ಪ ಬೆಕ್ಕಿನ ವೇಷದಲ್ಲಿತ್ತು ಎಂದು ಕೊನೆಗೆ ಬಯಲಾಗುತ್ತದೆ.

ಪುರಾಣಕ್ಕಿಂತ ಮೂಳೆಗಳು ಹೆಚ್ಚು ನಂಬಿಕೆಗೆ ಅರ್ಹ. ಡೆನ್ಮಾರ್ಕಿನ ಉತ್ಖನನಗಳಲ್ಲಿ ಸಿಕ್ಕ ಬೆಕ್ಕಿನ ಮೂಳೆಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವೈಕಿಂಗ್ ಕಾಲದ ಬೆಕ್ಕುಗಳು ಇಂದಿನ ಸಾಧಾರಣ ಸಾಕುಬೆಕ್ಕಿಗಿಂತ ಚಿಕ್ಕವಾಗಿದ್ದವು; ಅಲ್ಲಿಂದೀಚೆಗೆ ಡೆನ್ಮಾರ್ಕಿನ ಬೆಕ್ಕುಗಳ ಗಾತ್ರ ಸರಾಸರಿ ಶೇಕಡಾ 16ರಷ್ಟು ಹೆಚ್ಚಿದೆ. ಆ ಕಾಲದಲ್ಲಿ ಬೆಕ್ಕನ್ನು ಇಲಿಗಾಗಿ ಮಾತ್ರವಲ್ಲ, ತುಪ್ಪಳಕ್ಕಾಗಿಯೂ ಸಾಕುತ್ತಿದ್ದರು. ಕೆಂಪು ಎರಿಕ್‌ನ ಸಾಗಾ ಎಂಬ ಐಸ್‌ಲ್ಯಾಂಡಿನ ಹಳೆಯ ಕಥನದಲ್ಲಿ ಬರುವ ಕಣಿ ಹೇಳುವ ಹೆಂಗಸು ಒಳಭಾಗದಲ್ಲಿ ಬಿಳಿ ರೋಮವಿದ್ದ ಬೆಕ್ಕಿನ ಚರ್ಮದ ಕೈಗವಸುಗಳನ್ನು ತೊಟ್ಟಿದ್ದಳೆಂದು ಸ್ಪಷ್ಟವಾಗಿ ಹೇಳಲಾಗಿದೆ. ಈ ಎಲ್ಲದರಿಂದ ನನಗೆ ತೋರುವುದಿಷ್ಟೇ: ವೈಕಿಂಗರ ಹಡಗಿನಲ್ಲಿ ಸ್ಕೂಗ್‌ಕಾಟ್‌ನ ಪೂರ್ವಜರು ಇದ್ದಿರಬಹುದು, ಆದರೆ ಇಂದು ನಾವು ಕಾಣುವ ಈ ಗಾತ್ರದ, ಈ ಹೊದಿಕೆಯ ಪ್ರಾಣಿ ಅಲ್ಲಿತ್ತು ಎನ್ನಲು ಆಧಾರವಿಲ್ಲ. ಪ್ರಾಚೀನತೆಯನ್ನು ಸುಮ್ಮನೆ ಹೊರಿಸುವುದರಿಂದ ಈ ಬೆಕ್ಕಿಗೆ ಗೌರವ ಹೆಚ್ಚುವುದಿಲ್ಲ; ಅದರ ನಿಜವಾದ ಹುಟ್ಟು ಅದಕ್ಕಿಂತಲೂ ಕುತೂಹಲಕರವಾದದ್ದು.

ಆಗಾಗ ಉಲ್ಲೇಖವಾಗುವ ಇನ್ನೊಂದು ದಾಖಲೆ 1599ರದು. ಪೇಡರ್ ಕ್ಲೌಸ್ಸನ್ ಫ್ರೀಸ್ ಎಂಬ ಪಾದ್ರಿ ನಾರ್ವೆಯ ಪ್ರಾಣಿಗಳನ್ನು ವಿವರಿಸುತ್ತ ಲಿಂಕ್ಸ್‌ನಲ್ಲಿ ಮೂರು ಬಗೆಗಳಿವೆ, ತೋಳ ಲಿಂಕ್ಸ್, ನರಿ ಲಿಂಕ್ಸ್ ಮತ್ತು ಬೆಕ್ಕು ಲಿಂಕ್ಸ್ ಎಂದು ವಿಂಗಡಿಸಿದ. ಮೂರನೆಯದು ಈ ದೊಡ್ಡ ಬೆಕ್ಕೇ ಇರಬೇಕು ಎಂದು ತಳಿಯ ಅಭಿಮಾನಿಗಳು ನಂಬುತ್ತಾರೆ. ಆತ ಸುತ್ತಾಡಿದ ಕಾಡಿನಲ್ಲಿ ಕೊಟ್ಟಿಗೆಯ ಬೆಕ್ಕೊಂದು ಬೇಟೆಗೆ ಹೊರಟಿದ್ದು ಅವನ ಕಣ್ಣಿಗೆ ಬಿದ್ದಿರಲೂಬಹುದು, ಲಿಂಕ್ಸ್‌ನ ಮೈಬಣ್ಣದಲ್ಲಿರುವ ವ್ಯತ್ಯಾಸಗಳನ್ನೇ ಆತ ಮೂರು ಪ್ರಾಣಿಗಳೆಂದು ಬಗೆದಿರಲೂಬಹುದು. ಇದನ್ನು ಸಾಕ್ಷಿಯೆಂದು ಎತ್ತಿ ಹಿಡಿಯಲು ನನಗೆ ಮನಸ್ಸಾಗುವುದಿಲ್ಲ.

ಉದ್ದಗೂದಲಿನ ಮೂಲ ಎಲ್ಲಿ ಎಂಬುದಕ್ಕೆ ಹೆಚ್ಚು ಗಟ್ಟಿಯಾದ ಉತ್ತರ 2007ರಲ್ಲಿ ಪ್ರಯೋಗಶಾಲೆಯಿಂದ ಬಂದಿತು. ಬೆಕ್ಕಿನ ದೇಹದಲ್ಲಿ ಎಫ್‌ಜಿಎಫ್5 ಎಂಬ ವಂಶವಾಹಿಯೊಂದಿದೆ. ಒಂದು ಕೂದಲು ಎಷ್ಟು ಕಾಲ ಬೆಳೆಯಬೇಕು, ಯಾವಾಗ ಬೆಳವಣಿಗೆ ನಿಲ್ಲಿಸಬೇಕು ಎಂಬ ಆಜ್ಞೆ ಕೊಡುವುದು ಇದರ ಕೆಲಸ. ಈ ವಂಶವಾಹಿ ಕೆಟ್ಟರೆ ನಿಲ್ಲಿಸುವ ಆಜ್ಞೆ ತಡವಾಗುತ್ತದೆ, ಕೂದಲು ಉದ್ದವಾಗುತ್ತ ಹೋಗುತ್ತದೆ. ಹೀಗೆ ಕೆಡುವ ನಾಲ್ಕು ಬಗೆಗಳನ್ನು ಸಂಶೋಧಕರು ಆಗ ಗುರುತಿಸಿದರು. ಅವುಗಳಲ್ಲಿ ಒಂದು ಪರ್ಷಿಯನ್‌ನಿಂದ ಹಿಡಿದು ಬೀದಿಯ ಬೆಕ್ಕಿನವರೆಗೆ ಎಲ್ಲ ಉದ್ದಗೂದಲಿನ ಬೆಕ್ಕುಗಳಲ್ಲೂ ಕಂಡುಬರುತ್ತದೆ. ಆದರೆ ಇನ್ನೊಂದು ಬಗೆ ನಾರ್ವೆಯ ಈ ತಳಿಯಲ್ಲಿ ಮಾತ್ರ ಕಂಡುಬಂದಿತು. ಅಂದರೆ ಸ್ಕೂಗ್‌ಕಾಟ್‌ನ ಮೈಮೇಲಿನ ಉದ್ದಗೂದಲಿಗೆ ಎರಡು ಮೂಲಗಳಿವೆ: ಒಂದು ಹೊರಜಗತ್ತಿನೊಂದಿಗೆ ಹಂಚಿಕೊಂಡದ್ದು, ಇನ್ನೊಂದು ಈ ಬೆಕ್ಕುಗಳ ಬಳಗದೊಳಗೇ ಉಳಿದುಕೊಂಡದ್ದು. ಪುರಾಣದ ರಥಕ್ಕಿಂತ ಈ ಒಂದು ಅಕ್ಷರದ ಬದಲಾವಣೆ ನನಗೆ ಹೆಚ್ಚು ಆಪ್ತವಾದ ಪೂರ್ವಕಥೆಯಾಗಿ ಕಾಣುತ್ತದೆ.

ಬೇರೆಡೆ ಉದ್ದಗೂದಲು ಬೆಕ್ಕಿಗೆ ಹೊರೆ. ಅದು ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಮಳೆಯಲ್ಲಿ ತೊಯ್ದು ಜಡೆಗಟ್ಟುತ್ತದೆ, ಬಿಸಿಲಲ್ಲಿ ಬಳಲಿಸುತ್ತದೆ. ನಾರ್ವೆಯ ಜಮೀನುಗಳಲ್ಲಿ ಮಾತ್ರ ಅದೇ ಹೊರೆ ಆಸರೆಯಾಯಿತು. ಅಲ್ಲಿ ಬೆಕ್ಕಿನ ಬದುಕು ಮನೆಯೊಳಗಿನದಾಗಿರಲಿಲ್ಲ. ಹುಲ್ಲು ತುಂಬುವ ಮರದ ಅಟ್ಟ, ದನದ ಕೊಟ್ಟಿಗೆ, ಕಂಬಗಳ ಮೇಲೆ ನಿಲ್ಲಿಸಿದ ಧಾನ್ಯದ ಕಣಜ ಇವೇ ಅದರ ಕಾರ್ಯಕ್ಷೇತ್ರ. ಅದಕ್ಕೆ ಸಂಬಳ ಒಂದಿಷ್ಟು ಹಾಲು, ಉಳಿದದ್ದು ತಾನೇ ಹಿಡಿದ ಇಲಿ. ಒಳನಾಡಿನಲ್ಲಿ ಒಣಹಿಮ, ಪಶ್ಚಿಮ ಕರಾವಳಿಯಲ್ಲಿ ಹಿಮಕ್ಕಿಂತಲೂ ಕಷ್ಟಕರವಾದ ತಣ್ಣನೆಯ ಎಡೆಬಿಡದ ಮಳೆ. ಅಲ್ಲಿ ಬರಿ ಉದ್ದಗೂದಲಿದ್ದರೆ ಸಾಲದು, ನೀರು ಜಾರಿಹೋಗುವ ಕೂದಲೇ ಬೇಕು. ಯಾರೂ ಆರಿಸಿ ಜೋಡಿಮಾಡದೆ, ಚಳಿಗಾಲವನ್ನು ದಾಟಿದವು ಮರಿ ಹಾಕುತ್ತ, ದಾಟದವು ಇಲ್ಲವಾಗುತ್ತ, ಶತಮಾನಗಳ ಅವಧಿಯಲ್ಲಿ ಈ ರೂಪ ಮೂಡಿರಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ.

ಆ ಕೊಟ್ಟಿಗೆಯ ಬೆಕ್ಕು ನನಗೆ ಒಗ್ಗಿಕೊಂಡ ಮೇಲೆ ಅದರ ಮೈಯನ್ನು ಸಾವಕಾಶವಾಗಿ ನೋಡುವ ಅವಕಾಶ ಸಿಕ್ಕಿತು. ಕೈ ಹಾಕಿದರೆ ಮೊದಲು ಸಿಗುವುದು ಉದ್ದವಾದ, ನಯವಾದ, ಸ್ವಲ್ಪ ಜಿಡ್ಡಿನ ಅಂಶವುಳ್ಳ ಹೊರಗೂದಲು. ಮಳೆಹನಿ ಇದರ ಮೇಲೆ ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. ಬೆರಳನ್ನು ಇನ್ನಷ್ಟು ಒಳಗೆ ಇಳಿಸಿದರೆ ಉಣ್ಣೆಯಂತೆ ಗುಂಗುರಾಗಿ ಹೆಣೆದುಕೊಂಡ ಒಳತುಪ್ಪಳ. ಗಾಳಿಯನ್ನು ಹಿಡಿದಿಟ್ಟು ಮೈಶಾಖವನ್ನು ಕಾಯುವುದು ಇದು. ಕುತ್ತಿಗೆಯ ಸುತ್ತ ಸಿಂಹದ ಕೇಸರದಂಥ ಪಟ್ಟಿ, ಹಿಂದೊಡೆಗಳಲ್ಲಿ ಚಡ್ಡಿ ತೊಡಿಸಿದಂತಹ ದಟ್ಟ ರೋಮ, ಕಾಲ್ಬೆರಳುಗಳ ಸಂದಿನಲ್ಲಿ ಕುಚ್ಚು, ಮೈಯಷ್ಟೇ ಉದ್ದದ ಪೊದೆಬಾಲ. ಸುರುಳಿ ಸುತ್ತಿ ಮಲಗಿದಾಗ ಆ ಬಾಲ ಮೂಗಿನ ಮೇಲೆ ಬಂದು ಕೂರುತ್ತದೆ. ಹಿಂಗಾಲುಗಳು ಮುಂಗಾಲುಗಳಿಗಿಂತ ಉದ್ದ, ಉಗುರುಗಳು ಬಲಿಷ್ಠ. ಅದು ಪೈನ್ ಮರದಿಂದ ತಲೆ ಕೆಳಗಾಗಿ ಇಳಿಯುವುದನ್ನು ನಾನೇ ಹಲವು ಸಲ ನೋಡಿದ್ದೇನೆ. ಸಾಮಾನ್ಯ ಬೆಕ್ಕುಗಳು ಹಿಮ್ಮುಖವಾಗಿ ತಡವರಿಸುತ್ತ ಇಳಿಯುವುದನ್ನು ಬಲ್ಲವರಿಗೆ ಆ ದೃಶ್ಯದ ಬೆಲೆ ಗೊತ್ತಾಗುತ್ತದೆ. ಈ ತಳಿಯ ಗಂಡು ಸಾಮಾನ್ಯವಾಗಿ 5ರಿಂದ 8 ಕಿಲೋ ತೂಗುತ್ತದೆ, ಹೆಣ್ಣು ಅದಕ್ಕಿಂತ ಸ್ಪಷ್ಟವಾಗಿ ಚಿಕ್ಕದು, ಮತ್ತು ಪೂರ್ಣ ಬೆಳವಣಿಗೆಗೆ ಸುಮಾರು ಐದು ವರ್ಷ ಬೇಕು.

ಅಮೆರಿಕದ ಮೇಯ್ನ್ ಕೂನ್ ಬೆಕ್ಕಿನೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಮುಖ ನೋಡಿದರೆ ಸಾಕು: ಮೇಯ್ನ್ ಕೂನ್‌ನ ಮೂತಿ ಪೆಟ್ಟಿಗೆಯಂತೆ ಚೌಕ, ಸ್ಕೂಗ್‌ಕಾಟ್‌ನ ಮುಖ ಸಮಬಾಹು ತ್ರಿಕೋನ, ಹುಬ್ಬಿನಿಂದ ಮೂಗಿನ ತುದಿಯವರೆಗೆ ಎಲ್ಲೂ ತಗ್ಗಿಲ್ಲದ ನೇರ ಗೆರೆ.

ಇಂತಹ ಗಟ್ಟಿ ಪ್ರಾಣಿ ಅಪರೂಪವಾದದ್ದು ಹೇಗೆ? ನಾನು ಮೊದಲು ಅಂದುಕೊಂಡಿದ್ದು ರೋಗ, ಹಸಿವು, ಯುದ್ಧ ಇತ್ಯಾದಿ. ಅವುಗಳ ಪಾಲು ಇಲ್ಲವೆಂದಲ್ಲ. ಆದರೆ ಮುಖ್ಯ ಕಾರಣ ಸಾವಲ್ಲ, ಬೆರಕೆ. ಉದ್ದಗೂದಲು ಸುಪ್ತ ಗುಣ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಅದರ ವಂಶವಾಹಿ ಬಂದರೆ ಮಾತ್ರ ಮರಿಯ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಒಂದು ಕಡೆಯಿಂದ ಮಾತ್ರ ಬಂದರೆ ಮರಿ ಗಿಡ್ಡಗೂದಲಿನದೇ, ಗುಣ ಒಳಗೆ ಅಡಗಿ ಕೂರುತ್ತದೆ. ಪಟ್ಟಣಗಳು ಬೆಳೆದು, ರಸ್ತೆಗಳು ಬಂದು, ಒಂದು ಕಣಿವೆಯ ಬೆಕ್ಕುಗಳು ಇನ್ನೊಂದು ಕಣಿವೆಯ ಗಿಡ್ಡಗೂದಲಿನ ಬೆಕ್ಕುಗಳೊಂದಿಗೆ ಸಲೀಸಾಗಿ ಕೂಡತೊಡಗಿದಾಗ ಆದದ್ದು ಇದೇ. ಕೊಟ್ಟಿಗೆಯ ದೊಡ್ಡ ಉದ್ದಗೂದಲಿನ ಹೆಣ್ಣಿಗೆ ಊರಿನ ಗಿಡ್ಡಗೂದಲಿನ ಗಂಡು ಜೊತೆಯಾದರೆ ಹುಟ್ಟುವ ಮರಿಗಳೆಲ್ಲ ಗಿಡ್ಡಗೂದಲಿನವಾಗಬಹುದು. ಬೆಕ್ಕುಗಳ ಸಂಖ್ಯೆ ಇಳಿಯುವುದಿಲ್ಲ, ಕೊಟ್ಟಿಗೆ ಬರಿದಾಗುವುದಿಲ್ಲ, ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ. ಸ್ಕೂಗ್‌ಕಾಟ್ ಮಾತ್ರ ಅಲ್ಲಿ ಇರುವುದಿಲ್ಲ.

ಲೆಕ್ಕದಲ್ಲಿ ನೋಡಿದರೆ ಇದು ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ಒಂದು ಪ್ರದೇಶದ ಬೆಕ್ಕುಗಳಲ್ಲಿ ಈ ವಂಶವಾಹಿಯ ಪ್ರತಿಗಳಲ್ಲಿ ಅರ್ಧದಷ್ಟು ಉದ್ದಗೂದಲಿನವು ಎಂದುಕೊಳ್ಳೋಣ; ಜೋಡಿಗಳು ಯಾದೃಚ್ಛಿಕವಾಗಿ ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಉದ್ದಗೂದಲಿನದು. ಆ ಪಾಲು ಅರ್ಧದಿಂದ ಹತ್ತನೆಯ ಒಂದಕ್ಕೆ ಇಳಿದರೆ ಉದ್ದಗೂದಲಿನ ಮರಿ ನೂರಕ್ಕೆ ಒಂದಾಗುತ್ತದೆ. ಅಂದರೆ ವಂಶವಾಹಿ ಐದು ಪಟ್ಟು ಕಡಿಮೆಯಾದರೆ ಕಣ್ಣಿಗೆ ಕಾಣುವ ಬೆಕ್ಕು ಇಪ್ಪತ್ತೈದು ಪಟ್ಟು ಕಡಿಮೆಯಾಗುತ್ತದೆ. ಅದಕ್ಕಿಂತ ಚಿಂತೆಯ ಸಂಗತಿಯೆಂದರೆ ಸ್ಕೂಗ್‌ಕಾಟ್ ಎಂಬುದು ಬರಿ ಉದ್ದಗೂದಲಲ್ಲ. ಆ ಇಮ್ಮಡಿ ಹೊದಿಕೆಯ ಗುಣ, ಆ ಮೂಳೆಯ ಗಾತ್ರ, ಆ ಮುಖದ ಆಕಾರ ಎಲ್ಲವೂ ಒಂದೇ ಮೈಯಲ್ಲಿ ಕೂಡಿದಾಗ ಆಗುವ ಪ್ರಾಣಿ ಅದು. ಅಡಗಿದ ಕೂದಲು ಎಂದೋ ಒಂದು ದಿನ ಮೊಮ್ಮಗುವಿನಲ್ಲಿ ಮರಳಿ ಬರಬಹುದು. ಚದುರಿದ ಹತ್ತಾರು ಗುಣಗಳು ಒಟ್ಟಿಗೆ ಮರಳುವುದು ಬಹಳ ಕಷ್ಟ.

ಇದನ್ನು ಗಮನಿಸಿದವರು ನಾರ್ವೆಯಲ್ಲೇ ಇದ್ದರು. 1938ರಲ್ಲಿ ಓಸ್ಲೋದ ಬೆಕ್ಕಿನ ಪ್ರದರ್ಶನದಲ್ಲಿ ಸ್ಕೂಗ್‌ಕಾಟ್ ಕಾಣಿಸಿಕೊಂಡಿತು, ತಳಿಯನ್ನು ಉಳಿಸುವ ಮೊದಲ ಸಂಘವೂ ಅದೇ ವರ್ಷ ಹುಟ್ಟಿತು. ಅಲ್ಲಿಯವರೆಗೆ ಪ್ರದರ್ಶನಕ್ಕೆ ಯೋಗ್ಯವೆನಿಸಿಕೊಂಡದ್ದು ಪರ್ಷಿಯನ್, ಸಯಾಮಿ ಮೊದಲಾದ ಪರದೇಶದ ಬೆಕ್ಕುಗಳು. ಹಿತ್ತಲಿನ ಬೆಕ್ಕಿಗೆ ಅಲ್ಲಿ ಏನು ಕೆಲಸ ಎನ್ನುವ ಭಾವ. ಆರಂಭವೇನೋ ಆಯಿತು, ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ, 1940ರ ಏಪ್ರಿಲ್‌ನಲ್ಲಿ, ಜರ್ಮನ್ ಸೇನೆ ನಾರ್ವೆಯನ್ನು ಆಕ್ರಮಿಸಿತು. 1945ರ ಮೇ ತಿಂಗಳವರೆಗಿನ ಐದು ವರ್ಷ ಜನರಿಗೇ ಪಡಿತರದ ಊಟ. ಬೆಕ್ಕಿನ ವಂಶಾವಳಿ ಯಾರ ನೆನಪಿನಲ್ಲೂ ಇರಲು ಸಾಧ್ಯವಿರಲಿಲ್ಲ. ಯುದ್ಧ ಮುಗಿದ ಮೇಲೂ ಆ ಕೆಲಸ ಬಹಳ ಕಾಲ ನೆಲಕಚ್ಚಿಯೇ ಇತ್ತು, ಬೆರಕೆ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

1970ರ ದಶಕದಲ್ಲಿ ನಡೆದದ್ದನ್ನು ಓದುವಾಗ ನನಗೆ ಆ ಜನರ ಮೇಲೆ ನಿಜವಾದ ಗೌರವ ಮೂಡಿತು. 1975ರಲ್ಲಿ ‘ನೊರ್ಸ್ಕ್ ಸ್ಕೂಗ್‌ಕಾಟ್‌ರಿಂಗ್’ ಎಂಬ ಸಂಘ ಸ್ಥಾಪನೆಯಾಯಿತು. ಇವರ ಮುಂದಿದ್ದ ಕೆಲಸ ಹೊಸ ತಳಿಯನ್ನು ಸೃಷ್ಟಿಸುವುದಲ್ಲ, ಚದುರಿಹೋಗುತ್ತಿದ್ದದ್ದನ್ನು ಹುಡುಕಿ ಒಟ್ಟುಗೂಡಿಸುವುದು. ವಂಶಾವಳಿಯಿಲ್ಲದ ಜಮೀನಿನ ಬೆಕ್ಕುಗಳನ್ನು ತೀರ್ಪುಗಾರರು ಕಣ್ಣಾರೆ ಪರೀಕ್ಷಿಸಿ, ರೂಪ ಮತ್ತು ಹೊದಿಕೆ ಸರಿಯಿದ್ದರೆ ನೋಂದಣಿಗೆ ಸೇರಿಸಿಕೊಳ್ಳುತ್ತಿದ್ದರು. ಹೀಗೆ ಆರಿಸಿದವುಗಳಲ್ಲಿ ಪಾನ್ಸ್ ಟ್ರೂಲ್ಸ್ ಎಂಬ ಗಂಡುಬೆಕ್ಕು ಹೆಸರಾಯಿತು. ತಳಿ ಹೇಗಿರಬೇಕು ಎಂಬ ಮಾನಕವನ್ನು ಬರೆಯುವಾಗ ಅದನ್ನೇ ಎದುರಿಗಿಟ್ಟುಕೊಂಡರು. 1977ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಬೆಕ್ಕು ಒಕ್ಕೂಟವಾದ ಫೀಫೆಯ ಸಭೆಗೆ ಕಾರ್ಲ್ ಫ್ರೆಡ್ರಿಕ್ ನೂರ್ದಾನೆ ನಾರ್ವೆಯ ಪರವಾಗಿ ಹೋಗಿ, ತಳಿಗೆ ಮಾನ್ಯತೆ ಪಡೆದು ಮರಳಿದರು. 1979ರಲ್ಲಿ ಮೊದಲ ಜೋಡಿ ಅಮೆರಿಕಕ್ಕೆ ಹೋಯಿತು. ಅಲ್ಲಿನ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಶನ್ ಎಂಬ ಬೆಕ್ಕು ನೋಂದಣಿ ಸಂಸ್ಥೆ 1993ರಲ್ಲಿ ತನ್ನ ಪ್ರದರ್ಶನಗಳಲ್ಲಿ ತಳಿಗೆ ಪೂರ್ಣ ಸ್ಪರ್ಧೆಯ ಹಕ್ಕನ್ನು ಕೊಟ್ಟಿತು.

ಆ ಮಾನಕದಲ್ಲಿ ನನಗೆ ಇಷ್ಟವಾದ ಒಂದು ವಿವೇಕವಿದೆ. ಹೊದಿಕೆಯನ್ನು ಅಳೆಯುವಾಗ ಋತುವನ್ನು ಗಮನಿಸಬೇಕು ಎನ್ನುತ್ತದೆ ಅದು. ವಸಂತದಲ್ಲಿ ಒಳತುಪ್ಪಳ ಕಂತೆಕಂತೆಯಾಗಿ ಉದುರುತ್ತದೆ, ಕೊರಳಪಟ್ಟಿ ಕರಗಿಹೋಗುತ್ತದೆ, ಬೇಸಿಗೆಯ ಸ್ಕೂಗ್‌ಕಾಟ್‌ಗೆ ಪೊದೆಬಾಲ ಮತ್ತು ಕಿವಿಯ ಕುಚ್ಚುಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಉದ್ದಗೂದಲೇ ಇರುವುದಿಲ್ಲ. ವರ್ಷವಿಡೀ ಒಂದೇ ಬಗೆಯ ಗೊಂಡೆಯಂತಿರಬೇಕು ಎಂದು ಒತ್ತಾಯಿಸಿದ್ದರೆ, ಹವಾಮಾನ ಕೊಟ್ಟ ಗುಣವನ್ನೇ ಮನುಷ್ಯನ ಕಣ್ಣಿನ ಹಂಬಲ ಅಳಿಸಿಬಿಡುತ್ತಿತ್ತು. ಬಣ್ಣದ ವಿಷಯದಲ್ಲೂ ಅವರು ಉದಾರವಾಗಿದ್ದರು. ಸಯಾಮಿ ಮಾದರಿಯ ಗುರುತು, ಚಾಕೊಲೇಟ್ ಬಣ್ಣ ಮೊದಲಾಗಿ ಹೊರತಳಿಯ ಬೆರಕೆಯನ್ನು ಸೂಚಿಸುವ ಕೆಲವನ್ನು ಬಿಟ್ಟರೆ ಉಳಿದೆಲ್ಲವೂ ಒಪ್ಪಿತ.

ಆದ್ದರಿಂದಲೇ 1992ರ ಸುಮಾರಿಗೆ ಸ್ವೀಡನ್‌ನಲ್ಲಿ ಹುಟ್ಟಿದ ಕೆಲವು ಮರಿಗಳು ಗದ್ದಲವೆಬ್ಬಿಸಿದವು. ಹುಟ್ಟುವಾಗ ಕಪ್ಪಾಗಿದ್ದ ಅವು ಬೆಳೆಯುತ್ತ ಜೇನಿನ ಬಣ್ಣಕ್ಕೆ ತಿರುಗಿದವು. ಎಲ್ಲೋ ಹೊರತಳಿಯ ರಕ್ತ ಬೆರೆತಿದೆ ಎಂಬ ಅನುಮಾನ ಸಹಜವಾಗಿಯೇ ಎದ್ದಿತು. ತಳಿಗಾರರು ಆ ಬೆಕ್ಕುಗಳನ್ನು ಇತರ ಬಣ್ಣದವುಗಳೊಂದಿಗೆ ಜೋಡಿಮಾಡಿ ನೋಡಿದಾಗ ಇದು ಗೊತ್ತಿರುವ ಯಾವ ಬಣ್ಣವೂ ಅಲ್ಲವೆಂದು ಖಚಿತವಾಯಿತು. 2009ರಲ್ಲಿ ಅದರ ಕಾರಣವಾದ ಬದಲಾವಣೆ ಎಂಸಿ1ಆರ್ ಎಂಬ ವಂಶವಾಹಿಯಲ್ಲಿ ಪತ್ತೆಯಾಯಿತು. ‘ಆಂಬರ್’ ಎಂದು ಹೆಸರಿಟ್ಟ ಈ ಬಣ್ಣ ಸ್ಕೂಗ್‌ಕಾಟ್‌ನ ಸ್ವಂತ ಆಸ್ತಿ. ಇದು ಕೂಡ ಸುಪ್ತ ಗುಣವೇ: ಗೊತ್ತಿಲ್ಲದಂತೆ ಹಲವು ತಲೆಮಾರು ಅಡಗಿ ಕುಳಿತು, ಎರಡೂ ಕಡೆಯಿಂದ ಕೂಡಿಬಂದ ದಿನ ಬೆಳಕಿಗೆ ಬಂದದ್ದು.

ಅದೇ ಬಗೆಯಲ್ಲಿ ಕೇಡೂ ಅಡಗಿರುತ್ತದೆ. ಕೆಲವೇ ಬೆಕ್ಕುಗಳಿಂದ ಒಂದು ತಳಿಯನ್ನು ಮತ್ತೆ ಕಟ್ಟಿದಾಗ, ಆ ಕೆಲವರಲ್ಲಿ ಒಂದು ಹೊತ್ತುಬಂದ ದೋಷ ಎಲ್ಲೆಡೆ ಹರಡುತ್ತದೆ. ಸ್ಕೂಗ್‌ಕಾಟ್‌ನಲ್ಲಿ ಅಂತಹದ್ದು ನಾಲ್ಕನೆಯ ಬಗೆಯ ಗ್ಲೈಕೋಜನ್ ಸಂಗ್ರಹ ರೋಗ. ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಾಗ ಅದಕ್ಕೆ ಕವಲುಗಳನ್ನು ಮೂಡಿಸುವ ಕಿಣ್ವವೊಂದು ಬೇಕು. ಆ ಕಿಣ್ವ ಇಲ್ಲದ ಮರಿಗಳಲ್ಲಿ ಬಹಳಷ್ಟು ಹುಟ್ಟುವಾಗಲೇ ಸಾಯುತ್ತವೆ. ಬದುಕಿದವು ಐದು ತಿಂಗಳ ಆಸುಪಾಸಿನಲ್ಲಿ ನಡುಗತೊಡಗುತ್ತವೆ, ಸ್ನಾಯುಗಳು ಸೊರಗುತ್ತವೆ, ಮತ್ತೆ ಚೇತರಿಕೆಯಿಲ್ಲ. ದೋಷದ ಜಾಗ 2007ರಲ್ಲಿ ಗೊತ್ತಾದ ಮೇಲೆ ಸರಳವಾದ ಡಿಎನ್ಎ ಪರೀಕ್ಷೆ ಲಭ್ಯವಾಯಿತು. ಒಂದು ಪ್ರತಿ ಮಾತ್ರ ಹೊತ್ತ ಬೆಕ್ಕು ತಾನು ಆರೋಗ್ಯವಾಗಿಯೇ ಇರುತ್ತದೆ. ಅದನ್ನು ದೋಷವಿಲ್ಲದ ಜೊತೆಯೊಂದಿಗೆ ಕೂಡಿಸಿದರೆ ರೋಗದ ಮರಿ ಹುಟ್ಟುವುದಿಲ್ಲ. ಆದ್ದರಿಂದ ಇಂತಹ ಬೆಕ್ಕುಗಳನ್ನೆಲ್ಲ ಒಮ್ಮೆಲೇ ವಂಶದಿಂದ ಹೊರಹಾಕುವ ಆತುರ ಸರಿಯಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಹಾಗೆ ಹೊರಹಾಕಿದರೆ ಕಿರಿದಾದ ವಂಶಕೂಟ ಇನ್ನಷ್ಟು ಕಿರಿದಾಗಿ, ಮತ್ತೊಂದು ಅಡಗಿದ ದೋಷಕ್ಕೆ ದಾರಿ ಸಲೀಸಾಗುತ್ತದೆ. ಪರೀಕ್ಷೆ ಮಾಡಿಸದೆ ಜೋಡಿಮಾಡುವುದಕ್ಕೆ ಮಾತ್ರ ಈಗ ಯಾವ ನೆಪವೂ ಉಳಿದಿಲ್ಲ.

ಹಾಗಾದರೆ ಸ್ಕೂಗ್‌ಕಾಟ್ ಇಂದು ಅಪರೂಪವೇ? ನೋಂದಾಯಿತ ತಳಿಯಾಗಿ ಅಲ್ಲ. ನಾರ್ವೆ ಮತ್ತು ಸ್ವೀಡನ್‌ಗಳಲ್ಲಿ ಅದು ಅತ್ಯಂತ ಮೆಚ್ಚಿನ ತಳಿಗಳ ಸಾಲಿನಲ್ಲಿದೆ, ಯುರೋಪಿನ ಇತರೆಡೆಯೂ ಸುಲಭವಾಗಿ ಕಾಣಸಿಗುತ್ತದೆ. ಅಮೆರಿಕದಲ್ಲಿ ಮೇಯ್ನ್ ಕೂನ್‌ನ ನೆರಳಿನಲ್ಲಿ ಅದು ಕಡಿಮೆ ಪರಿಚಿತ, ಅಷ್ಟೇ. ಆದರೆ 1970ರ ದಶಕದ ತೀರ್ಪುಗಾರರು ಕೊಟ್ಟಿಗೆಗಳಲ್ಲಿ ಹುಡುಕುತ್ತಿದ್ದ ಬೆಕ್ಕು, ಯಾರ ಪುಸ್ತಕದಲ್ಲೂ ಇಲ್ಲದೆ ಚಳಿಗಾಲಕ್ಕೆ ಮಾತ್ರ ಉತ್ತರ ಕೊಡಬೇಕಾಗಿದ್ದ ಬೆಕ್ಕು, ಈಗ ನಿಜಕ್ಕೂ ವಿರಳ. ಜಮೀನುಗಳು ಕಡಿಮೆಯಾಗಿವೆ, ಉಳಿದ ಕೊಟ್ಟಿಗೆಗಳು ಬೆಚ್ಚಗಿವೆ, ಮತ್ತು ನೋಂದಾಯಿತ ತಂದೆತಾಯಿಗಳ ಮರಿಗಳಿಗೆ ಮಾತ್ರ ವಂಶಪತ್ರ ಎಂಬುದೇ ಈಗಿನ ಸಾಮಾನ್ಯ ಪದ್ಧತಿ. ಅಂದು ಹಿಂದಿನ ಬಾಗಿಲಿನಿಂದ ಒಳಗೆ ಕರೆದು ಕೂರಿಸಿದವರ ಕುಲದವರಿಗೇ ಇಂದು ಆ ಬಾಗಿಲು ಹಾಕಿದೆ. ತಳಿಯ ಶುದ್ಧತೆಗೆ ಇದು ಬೇಕು ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೂ ತಳಿಯೇ ಒಂದು ಕಾಲದಲ್ಲಿ ಇಂಥ ಕಾಗದವಿಲ್ಲದ ಬೆಕ್ಕುಗಳಿಂದ ಎದ್ದು ನಿಂತದ್ದು, ಮತ್ತು ಅದರ ವಂಶಕೂಟಕ್ಕೆ ಈಗ ಬೇಕಾಗಿರುವುದು ಹೊಸ ರಕ್ತವೇ ಎಂಬುದನ್ನು ಬಲ್ಲ ನನಗೆ, ಎಚ್ಚರದಿಂದ ಆರಿಸಿದ ಕೆಲವು ಜಮೀನಿನ ಬೆಕ್ಕುಗಳಿಗಾದರೂ ದಾರಿ ತೆರೆದಿರಬೇಕು ಎನಿಸುತ್ತದೆ.

ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಮನೆಯೊಡತಿಯ ಬೆಕ್ಕಿಗೆ ಹಲ್ಲಿನ ತೊಂದರೆ ಕಾಣಿಸಿಕೊಂಡು, ಆಕೆಯ ಜೊತೆ ನಾನೂ ಪಶುವೈದ್ಯರ ಬಳಿಗೆ ಹೋಗಿದ್ದೆ. ಅರ್ಜಿಯಲ್ಲಿ ತಳಿ ಎಂಬ ಜಾಗದಲ್ಲಿ ಆಕೆ ಸ್ವಲ್ಪವೂ ತಡೆಯದೆ ‘ಹುಸ್‌ಕಾಟ್’ ಎಂದು ಬರೆದರು. ಬರಿ ಮನೆಬೆಕ್ಕು ಎಂದರ್ಥ. ಅದರ ಕೆಳಗಿನ ಸಾಲಿನಲ್ಲಿ, ಚಿಕ್ಕಂದಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ ಎಂಬುದಕ್ಕೆ ಗುರುತು ಹಾಕಿದರು. ಅಜ್ಜಿಯ ಜಮೀನು ಮಾರಿಹೋಗಿ ಹತ್ತು ವರ್ಷಗಳಾಗಿದ್ದವು, ಆ ಕೊಟ್ಟಿಗೆಯ ಬೆಕ್ಕುಗಳ ಪೈಕಿ ಉಳಿದಿದ್ದದ್ದು ಇದೊಂದೇ. ಮನೆಗೆ ಮರಳಿ ಬುಟ್ಟಿಯ ಬಾಗಿಲು ತೆಗೆದ ಕೂಡಲೇ ಅದು ಸೌದೆಯ ಒಟ್ಟಿಲನ್ನು ಹತ್ತಿ ಕುಳಿತಿತು. ಏಪ್ರಿಲ್ ತಿಂಗಳ ಬಿಸಿಲು ಬಿದ್ದಿತ್ತು, ಒಳತುಪ್ಪಳ ಉದುರಲು ಆರಂಭಿಸಿತ್ತು, ಸೌದೆಯ ತೊಗಟೆಗೆ ಸಿಕ್ಕಿಕೊಂಡ ಬೂದುಬಣ್ಣದ ಆ ಉಣ್ಣೆಯನ್ನು ಒಂದು ಸಣ್ಣ ಹಕ್ಕಿ ಗೂಡಿಗಾಗಿ ಹೆಕ್ಕಿಕೊಂಡು ಹೋಗುತ್ತಿತ್ತು.